ಮನೆಯಿಂದ ತಂದ ಪ್ರಶ್ನೆ

ಆಪಾ ಅವರ ಸಿಟ್ಟಿನ ವಿಷಯವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಕೊನೆಗೆ ಇಟ್ಟುಕೊಂಡರೆ ಹೊಗಳಿಕೆಯ ಭರದಲ್ಲಿ ಅದು ಬಿಟ್ಟೇ ಹೋದೀತು, ಸಿಟ್ಟಿಲ್ಲದ ಆಪಾ ಆಪಾನೇ ಅಲ್ಲ. ಯಾರಾದರೂ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರೆ ಅವರಿಗೆ ಸಿಟ್ಟು. ಪುಸ್ತಕವನ್ನು ಬೋರಲು ಹಾಕಿ ಎದ್ದು ಹೋದರೆ ಸಿಟ್ಟು. ಫ್ಯಾನು ಹಾಕಿದರೆ ಪೇಪರು ಹಾರುತ್ತವೆಂದು ಸಿಟ್ಟು, ಆರಿಸಿದರೆ ಧಗೆಯೆಂದು ಸಿಟ್ಟು. ದಿನಾ ಸುರಪುರದಿಂದ ಬಸ್ಸಿನಲ್ಲಿ ಶಹಾಪುರಕ್ಕೆ ಬರುತ್ತಿದ್ದ ಅವರು ಗ್ರಂಥಾಲಯದ ಮೆಟ್ಟಿಲನ್ನು ಬಸ್ಸಿಗೆ ಬೈಯುತ್ತಲೇ ಹತ್ತುತ್ತಿದ್ದರು. ಬುರ್ಖಾ ತೆಗೆದು ಬಾಗಿಲ ಹಿಂದಿನ ಮೊಳೆಗೆ ಹಾಕಿ, ದಾರ ಕಟ್ಟಿದ ಕನ್ನಡಕ ಮೂಗಿಗೇರಿಸಿ, ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿದ ಮೇಲಷ್ಟೇ ಮನುಷ್ಯರ ಕಡೆ ತಿರುಗಿ ನೋಡುತ್ತಿದ್ದರು.

ಆಪಾ ಅಂದರೆ ದಖನಿ ಮಾತಿನಲ್ಲಿ ಅಕ್ಕ. ಅವರ ನಿಜವಾದ ಹೆಸರು ಬೋರ್ಡಿನ ಮೇಲೆ, ಗ್ರಂಥಪಾಲಕರು ಎಂಬುದರ ಮುಂದೆ ಬರೆದಿತ್ತು. ಅದನ್ನು ಯಾರೂ ಓದಿದ ಹಾಗೆ ಕಾಣೆ. ಮುಂಜಾನೆ ವಿಭೂತಿ ಬಳಿದುಕೊಂಡು ಪೇಪರು ಓದಲು ಬರುತ್ತಿದ್ದ ಮುತ್ಯಾಗಳೂ, ಆಪಾಗಿಂತ ಎಷ್ಟೋ ಹಿರಿಯರಾಗಿದ್ದರೂ, "ಆಪಾ, ಆ ಪೇಪರ್ ಈಕಡಿ ಕೊಡ್ರಿ" ಎನ್ನುತ್ತಿದ್ದರು. ಹೋದ ಬೇಸಿಗೆಯಲ್ಲಿ ಆಪಾ ನಿವೃತ್ತರಾದರು. ಅಂದಿನಿಂದ ಅವರ ಬಗ್ಗೆ ಬರೆಯಬೇಕು ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೇನೆ. ನಾನು ಈಗ ಯಾದಗಿರಿ ಹತ್ತಿರದ ಹತ್ತಿಕುಣಿ ಕಡೆ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆ ಅನ್ನ ನನ್ನ ತಾಟಿಗೆ ಬಂದದ್ದು ಆಪಾ ಅವರ ಕೈಯಿಂದ. ಇದನ್ನು ಸುತ್ತಿ ಬಳಸಿ ಹೇಳುವುದು ನನಗೆ ಬೇಕಿಲ್ಲ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮಗೆ ಇಂಗ್ಲಿಷ್ ಎಂದರೆ ಹಲಗೆಯ ಮೇಲಿನಿಂದ ಇಳಿಸಿಕೊಳ್ಳುವ ವಸ್ತು. ಸರ್ ಬರೆಯುವರು, ನಾವು ಇಳಿಸಿಕೊಳ್ಳುವೆವು. ಪ್ರಶ್ನೆಗೆ ಉತ್ತರವನ್ನು ರಾಗವಾಗಿ ಒಪ್ಪಿಸುವೆವು, ಉತ್ತರದ ಅರ್ಥ ಏನೆಂದು ಕೇಳಿದರೆ ಇಡೀ ಕ್ಲಾಸು ಕಿಟಕಿಯಾಚೆ, ಮಲಗಿದ ಬುದ್ಧನ ಹಾಗೆ ಕಾಣುವ ನಮ್ಮೂರ ಗುಡ್ಡವನ್ನು ನೋಡುವುದು. ಆ ಹೊತ್ತಿಗೆ ಗ್ರಂಥಾಲಯಕ್ಕೆ ಎಲ್ಲಿಂದಲೋ ಒಂದಷ್ಟು ಇಂಗ್ಲಿಷ್ ಕಥೆಪುಸ್ತಕಗಳು ಬಂದಿದ್ದವು. ದೊಡ್ಡ ಅಕ್ಷರ, ಬಣ್ಣದ ಚಿತ್ರ. ಒಯ್ಯುವವರಿಲ್ಲದೆ ಕಪಾಟಿನಲ್ಲಿ ಬಿದ್ದಿದ್ದವು. ಪುಸ್ತಕ ಸುಮ್ಮನೆ ಬಿದ್ದಿರುವುದೂ ಆಪಾಗೆ ಸಿಟ್ಟಿನ ವಿಷಯವೇ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟು ನಾವು ಮನೆಗೆ ಹೋಗುವ ದಾರಿಯಲ್ಲಿ ಬಾಗಿಲಿಗೆ ನಿಂತು, ಕೈಗೆ ಸಿಕ್ಕವರನ್ನು ಒಳಗೆ ಕರೆದು, ಪೇಪರು ಓದುವ ಕೋಣೆಯ ಮೂಲೆಯಲ್ಲಿ ಜಮಖಾನೆ ಹಾಸಿ ಕೂಡಿಸಿದರು.

"ನನಗೂ ಇಂಗ್ಲೀಷ್ ಪೂರಾ ಬರೂದಿಲ್ಲ, ಬೇಟಾ" ಎಂದು ಮೊದಲ ದಿನವೇ ಹೇಳಿದರು. "ನಾ ಉರ್ದು ಇಸ್ಕೂಲ್‌ನ್ಯಾಗ ಕಲತಾಕಿ. ಕನ್ನಡ ಆಮ್ಯಾಲ ಬಂತು, ಇದು ಎಲ್ಲಾದ್ರ ಕಡೀಗೆ ಬಂತು. ಕೂಡಿ ಓದೂಣು. ಎಲ್ಲಿ ಸಿಗೇ ಬೀಳ್ತೀವೋ ಅಲ್ಲಿ ಡಿಕ್ಷನರಿ ಅದ."

ಅವರು ಓದುತ್ತಿದ್ದದ್ದು ಜೋರಾಗಿ, ಕೈಯಾಡಿಸಿಕೊಂಡು. ಕರಡಿ ಬಂದರೆ ಮೇಜು ಗುದ್ದುವರು, ಮಗು ಅತ್ತರೆ ದುಪಟ್ಟಾದ ತುದಿ ಕಣ್ಣಿಗೊತ್ತಿಕೊಳ್ಳುವರು. ಪೇಪರಿನ ಮುತ್ಯಾಗಳು ಮೊದಮೊದಲು ಗೊಣಗಿದರು, ಆಮೇಲೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೇಳತೊಡಗಿದರು. ನಮ್ಮಲ್ಲಿ ಯಾರಾದರೂ ಓದುತ್ತಾ ನಡುವೆ ನಿಂತರೆ ಆಪಾ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಮತ್ತ?" ತಪ್ಪು ಓದಿದರೂ "ಮತ್ತ?", ಸರಿ ಓದಿದರೂ "ಮತ್ತ?" ಸ್ಟೋರಿಗೆ ಅವರು ಅನ್ನುತ್ತಿದ್ದ 'ಇಸ್ಟೋರಿ' ನನಗೆ ಎಷ್ಟು ಅಂಟಿಕೊಂಡಿದೆಯೆಂದರೆ ಈಗಲೂ ಕ್ಲಾಸಿನಲ್ಲಿ ಅವಸರದಲ್ಲಿ ಅದೇ ಬಾಯಿಗೆ ಬಂದು ಮಕ್ಕಳು ನಗುತ್ತಾರೆ.

ಇಷ್ಟೇ ಆಗಿದ್ದರೆ ಆಪಾ ಒಬ್ಬ ಒಳ್ಳೆಯ ಕಥೆ ಹೇಳುವವರು, ಅಷ್ಟೇ. ಅವರ ಗತ್ತು ಇದ್ದದ್ದು ಬೇರೆ ಕಡೆ. ಶನಿವಾರ ಓದಿದ್ದನ್ನು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಹೇಳಬೇಕು, ಅವರವರ ಮನೆಯ ಮಾತಿನಲ್ಲಿ. ಕನ್ನಡದವರು ಕನ್ನಡದಲ್ಲಿ, ದಖನಿಯವರು ದಖನಿಯಲ್ಲಿ. ಕೇಳಿದವರು ಏನಾದರೂ ಪ್ರಶ್ನೆ ಹಾಕುತ್ತಾರಲ್ಲ, ಅದನ್ನು ಮುಂದಿನ ಶನಿವಾರ ತರಬೇಕು. ಬಾಗಿಲಲ್ಲೇ ಕೈ ಅಡ್ಡ ಹಿಡಿದು "ಪ್ರಶ್ನಿ ತಂದೀ ಏನ?" ಎನ್ನುವರು. ತಂದವರಿಗೆ ಜಮಖಾನೆ, ತರದವರಿಗೆ ಮುತ್ಯಾಗಳ ಬೆಂಚು. ತಂದ ಪ್ರಶ್ನೆಗೆ ಆಪಾ ಉತ್ತರ ಹೇಳುತ್ತಿರಲಿಲ್ಲ. ಪುಸ್ತಕ ಕೈಗೆ ಕೊಟ್ಟು "ಹುಡುಕು" ಎನ್ನುವರು. ಉತ್ತರ ಇರುವ ಸಾಲನ್ನು ಹುಡುಕಿ, ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಬೇಕು. ಒಂದು ಸಾಲಿಗಾಗಿ ಇಡೀ ಪುಸ್ತಕವನ್ನು ಮೇಲೆ ಕೆಳಗೆ ಮಾಡುವಷ್ಟರಲ್ಲಿ ಉಳಿದದ್ದೆಲ್ಲ ತಾನಾಗಿ ತಲೆಗೆ ಹತ್ತಿರುತ್ತಿತ್ತು. ಓದಿಸಿಕೊಂಡೆವೆಂಬುದೇ ನಮಗೆ ಗೊತ್ತಾಗುತ್ತಿರಲಿಲ್ಲ.

ಬಿಸಿಲು ಏರಿದ್ದ ಒಂದು ಶನಿವಾರ ಹಿಮ ಬೀಳುವ ಕಥೆ ಬಂತು. ನಮ್ಮೂರಿನ ಆ ಬಿಸಿಲಲ್ಲಿ ಹಿಮವನ್ನು ಎಲ್ಲಿಂದ ತರುವುದು? ಆಪಾ ಬಸ್‌ಸ್ಟ್ಯಾಂಡಿನ ಗೋಲಾ ಗಾಡಿಯಿಂದ ಹೆರೆದ ಐಸು ತರಿಸಿ ಒಬ್ಬೊಬ್ಬರ ಅಂಗೈಯಲ್ಲೂ ಇಟ್ಟರು. "ಇದೇ ಮುಗಲಿಂದ ಉದುರ್ತದ. ತಿಳೀತ?" ತಿಳಿಯಿತು. ಮುಂದಿನ ವಾರ ನನ್ನ ಗೆಳತಿಯೊಬ್ಬಳು ಅವಳ ತಾಯಿಯ ಪ್ರಶ್ನೆ ತಂದಳು: "ಮುಗಲಿಂದ ಬೀಳೂದು ಯಾವ ಬಣ್ಣದ್ದು? ಕೆಂಪಂದೋ, ಹಸರಂದೋ?" ಗೋಲಾ ಎಂದರೆ ಬಣ್ಣ ಹಾಕಿದ್ದೇ ತಾನೇ ಆ ತಾಯಿಗೆ ಗೊತ್ತಿದ್ದದ್ದು. ಆಪಾ ಕನ್ನಡಕ ಕೆಳಗೆ ಬೀಳುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಪುಸ್ತಕ ಮುಂದೆ ಚಾಚಿದರು. "ಸರಿಯಾಗೇ ಕೇಳ್ಯಾಳ ನಿಮ್ಮವ್ವ. ಹುಡುಕು."

ಸುಳ್ಳು ಪ್ರಶ್ನೆ ತಂದವರು ಅವರ ಕೈಗೆ ಸಿಕ್ಕಿಬೀಳುತ್ತಿದ್ದರು. ಒಬ್ಬಳು ಮನೆಯಲ್ಲಿ ಕಥೆ ಹೇಳದೆ, ಬರುವ ದಾರಿಯಲ್ಲಿ ತಾನೇ ಒಂದು ಪ್ರಶ್ನೆ ಹೊಸೆದುಕೊಂಡು ಬಂದಿದ್ದಳು: ಈ ಕಥೆಯ ನೀತಿ ಏನೆಂದು ಅವಳವ್ವ ಕೇಳಿದಳಂತೆ. ಆಪಾ ಕನ್ನಡಕದ ಮೇಲಿಂದ ನೋಡಿದರು. "ನಿಮ್ಮವ್ವ ನನಗ ಗೊತ್ತಿಲ್ಲೇನ? ಸಂತ್ಯಾಗ ಬದ್ನಿಕಾಯಿ ಒಂದೊಂದೇ ಒತ್ತಿ ನೋಡಿ ತಗೊಳ್ಳೂ ಹೆಣ್ಮಗಳು. ಆಕಿ ನೀತಿ ಕೇಳ್ತಾಳ? ನಕ್ಕೋ ಬೇಟಾ, ಇದು ಬ್ಯಾಡ, ಬೆಂಚಿಗೆ ನಡಿ."

ಇದನ್ನೆಲ್ಲ ನಿಮಗೆ ಯಾರು ಕಲಿಸಿದರೆಂದು ಮುಂದೆ ಒಮ್ಮೆ ಕೇಳಿದ್ದೆ. ಚಹಾ ಬಸಿಗೆ ಸುರಿಯುತ್ತಾ ಹೇಳಿದರು: "ನಮ್ಮಮ್ಮಿ ಓದಿದಾಕಿ ಅಲ್ಲ. ಹೊಲಿಗಿ ಮಷೀನ್ ತುಳೀತ ಕುಂದರಾಕಿ, ನಾ ಬಾಜೂಕ ಕುಂತು ಪಾಠ ಹೇಳಬೇಕು. ಆಮ್ಯಾಲ ಎಳೀತಿದ್ದಳು ನೋಡು ಪ್ರಶ್ನಿ! ಉತ್ರ ಗೊತ್ತಿಲ್ಲಂದ್ರ ಮಷೀನ್ ನಿಂದರಸಿ ನನ್ನ ಮಾರೀನೇ ನೋಡಾಕಿ. ನಾ ಓಡಿ ಹೋಗಿ ಪುಸ್ತಕ ತರಬೇಕು. ಹಂಗ ಕಲತೆ." ಅಷ್ಟು ಹೇಳಿ, ಚಹಾ ಆರಿತೆಂದು ಹುಡುಗಿಯರ ಮೇಲೆ ರೇಗಿದರು.

ನಮ್ಮ ಮನೆಯಲ್ಲಿ ಕಥೆ ಕೇಳುತ್ತಿದ್ದದ್ದು ಆಯಿ, ಅಂದರೆ ಅಪ್ಪನ ತಾಯಿ. ಅಪ್ಪನದು ಹತ್ತಿ ಗಂಜಿನ, ಅಂದರೆ ಮಾರುಕಟ್ಟೆಯ, ಹತ್ತಿರ ಹಗ್ಗ, ಗೋಣಿಚೀಲ, ತಾಡಪತ್ರಿ ಮಾರುವ ಅಂಗಡಿ. ಅವರು ಮಾತಿನ ಮನುಷ್ಯರಲ್ಲ. ಅಂಗಡಿಯಿಂದ ಬಂದು, ಗೋಡೆಯ ಕಡೆ ಮುಖ ಮಾಡಿ, ರೊಟ್ಟಿ ಪುಂಡಿಪಲ್ಯ ಉಂಡು ಕೈ ತೊಳೆಯುವರು. ನಾನು ಇತ್ತ ಆಯಿಗೆ ಕಥೆ ಹೇಳುತ್ತಿದ್ದರೆ ಅತ್ತ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನಿಗೆ ಕಿವಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ನಡೆಯುತ್ತಿದ್ದದ್ದು ಒಂದು ಕತ್ತೆಯ ಕಥೆ. ಉದ್ದದ್ದು, ವಾರ ವಾರ ಸ್ವಲ್ಪ ಸ್ವಲ್ಪ ಓದುತ್ತಿದ್ದೆವು. ಯಾವುದೋ ಗುಡ್ಡಗಾಡಿನ ದೇಶ. ಅಲ್ಲಿ ಒಬ್ಬ ಅಂಚೆಯವನು, ಅವನ ಕಾಗದದ ಚೀಲ ಹೊರಲು ಒಂದು ಕತ್ತೆ. ಯಾವ ಬಾಗಿಲಲ್ಲಿ ನಿಲ್ಲಬೇಕೆಂದು ಅಂಚೆಯವನಿಗಿಂತ ಕತ್ತೆಗೇ ಚೆನ್ನಾಗಿ ಗೊತ್ತು. ಅಂಚೆಯವನಿಗೆ ವಯಸ್ಸಾಗಿ ಕೆಲಸ ಬಿಡುತ್ತಾನೆ, ಕತ್ತೆ ಬಿಡುವುದಿಲ್ಲ. ತಾನೊಂದೇ ಹೋಗಿ ಮನೆ ಮನೆಯ ಮುಂದೆ ನಿಲ್ಲುತ್ತದೆ. ನಾವು ಅಲ್ಲಿಯವರೆಗೆ ಬಂದಿದ್ದೆವು. ಆ ಶನಿವಾರ ರಾತ್ರಿ ಆಯಿ ಊರಲ್ಲಿರಲಿಲ್ಲ, ಅಷ್ಟನ್ನು ಅಪ್ಪನ ಬೆನ್ನಿಗೇ ಹೇಳಿದ್ದೆ. ಅಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ಬಂದವು. ಇಂಗ್ಲಿಷಿನಲ್ಲಿ ನಾನು ಫೇಲಾಗಿದ್ದೆ.

ಓಣಿಯ ಇನ್ನೊಬ್ಬ ಹುಡುಗಿ ಟ್ಯೂಷನ್ನಿಗೆ ಹೋಗಿ ಒಳ್ಳೆಯ ಅಂಕ ತಂದಿದ್ದಳು. ಅಪ್ಪ ಲೆಕ್ಕ ಹಾಕಿಬಿಟ್ಟರು. ಟ್ಯೂಷನ್ ನಡೆಯುತ್ತಿದ್ದದ್ದೂ ಶನಿವಾರ ಮಧ್ಯಾಹ್ನವೇ. "ಕಥಿ ಕೇಳಿದ್ರ ಪಾಸ್ ಮಾಡ್ತಾರೇನು? ಇಂಗ್ಲೀಷ್‌ದಾಗ ಹೋದ್ರ ಹತ್ತನೇತ್ತಾಗೇ ನಿಂದರ್ತಿ. ಆಮ್ಯಾಲ ಕಾಲೇಜ್ ಎಲ್ಲೀದು?" ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. ನಾನು ಓದಬೇಕೆಂಬ ಆಸೆ ಅವರಿಗೆ ಇದ್ದದ್ದರಿಂದಲೇ ಸಿಟ್ಟು ಬಂದಿತ್ತು. ಆ ಶನಿವಾರ ನನ್ನ ಮುಂಗೈ ಹಿಡಿದುಕೊಂಡು ಗ್ರಂಥಾಲಯಕ್ಕೆ ಬಂದರು. ಆ ಮೆಟ್ಟಿಲು ಹತ್ತುವಾಗ ಜಮಖಾನೆಯ ಮೇಲೆ ನನಗಿನ್ನು ಜಾಗವಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿ ಇತ್ತು.

"ಮೇಡಮ್ಮೋರ, ಇಕಿ ಇನ್ನ ಬರೂದಿಲ್ರಿ" ಎಂದರು ಅಪ್ಪ, ಬಾಗಿಲಲ್ಲೇ. "ಟೂಷನ್‌ಗೆ ಹಾಕಾಕತ್ತೇನಿ. ಹೇಳಿ ಹೋಗೂಣಂತ ಬಂದೆ."

ಆಪಾ ಮೇಜು ಗುದ್ದುತ್ತಾರೆ, ಬೈಯುತ್ತಾರೆ ಅಂದುಕೊಂಡೆ. ಬಸ್ಸಿಗೆ ಅಷ್ಟು ಬೈಯುವವರು ನನ್ನ ಸಲುವಾಗಿ ಅಪ್ಪನಿಗೆ ಸ್ವಲ್ಪವಾದರೂ ಬೈಯಬಾರದೆ? ಅವರು ಶಾಂತವಾಗಿ ಕನ್ನಡಕ ಒರೆಸಿಕೊಂಡರು. "ಆಯ್ತ್ರಿ ಸಾವ್ಕಾರ್ರ. ಮಗಳು ನಿಮ್ಮಾಕಿ, ಕರಕೊಂಡು ಹೋಗ್ರಿ. ಆದ್ರ ಈ ವಾರದ ಪ್ರಶ್ನಿ? ಅದನ್ನರ ಕೊಟ್ಟು ಹೋಗ್ರಿ. ನಿಮ್ಮವ್ವರು ಏನ್ ಕೇಳ್ಯಾರ?"

"ನಮ್ಮವ್ವ ಊರಾಗಿಲ್ರಿ. ಕೊಂಕಲ್‌ಗೆ ನಮ್ಮ ತಂಗಿ ಮನಿಗೆ ಹೋಗ್ಯಾಳ."

"ಹಂಗಾದ್ರ ಈ ವಾರ ನಿಮ್ಮ ಮನ್ಯಾಗ ಯಾರೂ ಏನೂ ಕೇಳಿಲ್ಲ."

ಅಪ್ಪ ಮೆಟ್ಟು ಮೆಟ್ಟಿಕೊಳ್ಳಲು ತಿರುಗಿದವರು ಅಲ್ಲೇ ನಿಂತರು. "ಕೇಳೂದೇನ್ರಿ," ಎಂದರು. ಮುಖದಲ್ಲಿ ಸಿಟ್ಟು ಹಾಗೇ ಇತ್ತು, ಆದರೆ ಅದು ಈಗ ಬೇರೆಯವರ ಮೇಲೆ ತಿರುಗಿತ್ತು. "ಆ ಅಂಚಿಯವ ಮುದುಕ ಆದ, ಕೆಲಸ ಬಿಟ್ಟ. ಸರಿ, ಬಿಡ್ಲಿ. ಕತ್ತಿಗೆ ಮೇವು ಯಾರು ಹಾಕಬೇಕ್ರಿ? ಸರ್ಕಾರದವರೋ, ಅವನೋ? ದುಡಿಸ್ಕೊಂಡು ಹಂಗ ಬಿಟ್ಟಬಿಡೂದಾ?"

ಮುತ್ಯಾಗಳ ಪೇಪರುಗಳು ಒಂದೊಂದಾಗಿ ಕೆಳಗಿಳಿದವು. ಆಪಾ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. "ಹುಡುಕು."

ಹುಡುಕಿದೆ. ಅದು ನಾವಿನ್ನೂ ಓದದ ಪುಟದಲ್ಲಿತ್ತು. ಎಡವುತ್ತಾ ಓದಿದೆ: "ಎವ್ರಿ ಹೌಸ್ ಗೇವ್ ಹಿಮ್ ಎ ಲಿಟಲ್ ಹೇ." ಅಪ್ಪ ನನ್ನ ಮುಖ ನೋಡಿದರು. "ಪ್ರತಿ ಮನಿಯವರೂ ತುಸುತುಸು ಹುಲ್ಲು ಹಾಕಿದ್ರಂತ, ಅಪ್ಪಾ" ಎಂದೆ.

"ಹಾಂ. ಮಂದಿ ಚಲೋ ಅದಾರ" ಎಂದರು ಅಪ್ಪ. ಬೆಂಚಿನ ತುದಿಯಲ್ಲಿ ಕೂತರು. "ಹಗ್ಗ ಬಿಚ್ಚಿದವರು ಯಾರು? ಕತ್ತಿ ತಾನಾಗೇ ಹ್ಯಾಂಗ ಹೊರಗ ಬಂತು?"

"ಮತ್ತ?" ಎಂದರು ಆಪಾ, ನನಗೆ. ಮತ್ತೆ ಹುಡುಕಿದೆ. ಆ ಕತ್ತೆಯನ್ನು ಯಾರೂ ಯಾವತ್ತೂ ಕಟ್ಟಿಯೇ ಇರಲಿಲ್ಲವೆಂದು ಬರೆದಿತ್ತು. ಹಗ್ಗದ ಅಂಗಡಿಯವರಿಗೆ ಇದು ನಂಬುವ ಮಾತಲ್ಲ. "ಹಗ್ಗನ ಇಲ್ಲದ ಕತ್ತಿ!" ಎಂದು ಪಕ್ಕದ ಮುತ್ಯಾನ ಕಡೆ ತಿರುಗಿ ನಕ್ಕರು. ಅವರು ಕೇಳುವುದು, ನಾನು ಹುಡುಕಿ ಓದುವುದು, ಓದಿದ್ದನ್ನು ಅವರಿಗೆ ಹೇಳುವುದು. ಹೀಗೇ ನಡೆದು, ನಮಗೆ ಎಷ್ಟೋ ಶನಿವಾರ ಬೇಕಾಗಿದ್ದ ಕಥೆಯ ಕೊನೆಯ ಪುಟ ಅಂದೇ ಬಂದುಬಿಟ್ಟಿತು. "ಅಟ್ ಲಾಸ್ಟ್ ದಿ ಡಾಂಕಿ ವೆಂಟ್ ಹೋಮ್." "ಕಡೀಗೆ ಕತ್ತಿ ಮನಿಗೆ ಹೋಯ್ತು, ಅಪ್ಪಾ" ಎಂದೆ.

"ಯಾರ ಮನಿಗೆ?"

ಪುಟ ತಿರುವಿದೆ. ಹಿಂದೆ ಖಾಲಿ ಹಾಳೆ. ಮುಂದಿನಿಂದ ಹಿಂದೆ, ಹಿಂದಿನಿಂದ ಮುಂದೆ ನೋಡಿದೆ. ಎಲ್ಲಿಯೂ ಇರಲಿಲ್ಲ. ಆಪಾ ಪುಸ್ತಕ ತೆಗೆದುಕೊಂಡು ತಾವೂ ನೋಡಿದರು.

"ಇದು ಪುಸ್ತಕದಾಗ ಇಲ್ರಿ, ಸಾವ್ಕಾರ್ರ. ನೀವೇ ವಿಚಾರ ಮಾಡಿ ಹೇಳಬೇಕು." ಪುಸ್ತಕ ಮುಚ್ಚಿದರು. "ಒಂದು ಮಾತು ಮಾಡ್ಕೊಳ್ಳೂಣು. ಯಾವತ್ತು ನೀವು ಬಂದು ಉತ್ರ ಹೇಳ್ತೀರೋ, ಅವತ್ತು ನಿಮ್ಮ ಹುಡುಗಿನ್ನ ಕರಕೊಂಡು ಹೋಗ್ರಿ. ಅಲ್ಲೀ ತನಾ ಆಕಿ ಇಲ್ಲೇ ಇರಲಿ."

ಅಪ್ಪ ವ್ಯಾಪಾರದ ಮನುಷ್ಯ. ಗಂಜಿನ ಮಂದಿಗೆ ಮಾತು ಅಂದರೆ ಮಾತು. "ಆಯ್ತ್ರಿ, ನಾಳಿ ನಾಡಿದ್ದ ಹೇಳ್ತೇನಿ" ಎಂದು ಎದ್ದು ಹೋದರು.

ಆ ನಾಳೆ ನಾಡಿದ್ದು ಬರಲೇ ಇಲ್ಲ. ನಾನು ಮನೆಯಲ್ಲಿ ಆಗಾಗ ಕೇಳುತ್ತಿದ್ದೆ, ಹೊಳೀತೇನಪಾ ಉತ್ತರ ಎಂದು. "ಇನ್ನ ವಿಚಾರ ಮಾಡಾಕತ್ತೇನಿ" ಎನ್ನುವರು, ಗೋಡೆಯ ಕಡೆ ಮುಖ ಮಾಡಿಕೊಂಡು. ಅಪ್ಪನಿಗೆ ಇಷ್ಟು ಸಣ್ಣದು ಹೊಳೆಯುವುದಿಲ್ಲವಲ್ಲ ಎಂದು ನನಗೆ ಬೇಸರವೂ ಆಗುತ್ತಿತ್ತು. ಉತ್ತರ ಹೇಳಿದ ದಿನ ಮಾತು ಮುಗಿಯುತ್ತದೆ, ಅದಕ್ಕೇ ಅವರು ಹೇಳುತ್ತಿಲ್ಲ ಎಂಬುದು ನನ್ನ ತಲೆಗೆ ಹತ್ತಿದ್ದು ಡಿಗ್ರಿಗೆ ಬಂದ ಮೇಲೆ.

ಆ ವರ್ಷ ನನಗೇನೂ ಮೆರವಣಿಗೆ ಮಾಡುವಂಥ ಅಂಕ ಬರಲಿಲ್ಲ, ಪಾಸಾದೆ. ಮುಂದಿನ ವರ್ಷ ಇನ್ನೂ ಸ್ವಲ್ಪ ಹೆಚ್ಚು ಬಂತು. ಅಂಕಕ್ಕಿಂತ ಬೇರೆಯದೇ ಒಂದು ಆಗಿತ್ತು. ಇಂಗ್ಲಿಷ್ ಪುಟ ನೋಡಿದರೆ ನನಗೆ ಹೆದರಿಕೆ ಆಗುತ್ತಿರಲಿಲ್ಲ, ಅದರೊಳಗೆ ಅಪ್ಪನಿಗೆ ಹೇಳುವಂಥದ್ದು ಏನೋ ಇರುತ್ತದೆ ಅನ್ನಿಸುತ್ತಿತ್ತು. ಹತ್ತನೆಯ ತರಗತಿ ಮುಗಿದ ಮೇಲೂ ಶನಿವಾರ ಹೋಗುತ್ತಿದ್ದೆ, ಸಣ್ಣವರಿಗೆ ಓದಿ ಹೇಳಲು. ಅಲ್ಲಿಂದ ಕಾಲೇಜು, ಬಿ.ಎಡ್., ಈ ನೌಕರಿ. ನನ್ನ ಶಾಲೆಯಲ್ಲೂ ಈಗ ಶನಿವಾರ ಜಮಖಾನೆ ಹಾಸುತ್ತೇನೆ. ಕೆರೆಗೆ ಎಮ್ಮೆ ಹೊಡೆದುಕೊಂಡು ಹೋಗುವ ತಾಯಂದಿರು ದಾರಿಯಲ್ಲಿ ನನ್ನನ್ನು ನಿಲ್ಲಿಸಿ, "ಟೀಚರ್, ಆ ಕರಡಿ ಸಂಸಾರದ್ದು ಮುಂದೇನಾತ್ರಿ?" ಎಂದು ಕೇಳುತ್ತಾರೆ. ನಾನೂ ಆಪಾ ಹಾಗೆ ಗತ್ತಿನಿಂದ "ನಿಮ್ಮ ಮಕ್ಕಳನ್ನ ಕೇಳ್ರಿ" ಎನ್ನುತ್ತೇನೆ. ಹಾಗೆ ಅನ್ನುವಾಗ ಪ್ರತಿ ಸಲವೂ ಆಪಾಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಆಪಾ ನಿವೃತ್ತರಾದ ದಿನ ಬೀಳ್ಕೊಡುಗೆ ಅದೇ ಪೇಪರಿನ ಕೋಣೆಯಲ್ಲಿ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಹಾರದ ಹೂವು ಪುಸ್ತಕದ ಮೇಲೆ ಉದುರುತ್ತದೆಂದು ಆಪಾ ಅದನ್ನು ತೆಗೆದು ಕುರ್ಚಿಯ ಹಿಂದೆ ಹಾಕಿಬಿಟ್ಟರು. ಒಬ್ಬರಾದ ಮೇಲೆ ಒಬ್ಬರು ಎದ್ದು ಅವರನ್ನು ಜ್ಯೋತಿ ಅಂದರು, ತಾಯಿ ಅಂದರು, ಶಾಂತಮೂರ್ತಿ ಎಂದೂ ಒಬ್ಬರು ಅಂದರು. ಆಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನ್ನನ್ನೂ ಕರೆದರು, ಹೋಗಿ ಎರಡೇ ಮಾತಾಡಿ ಬಂದು ಕೂತೆ.

ಇನ್ನೇನು ವಂದನಾರ್ಪಣೆ ಎನ್ನುವಾಗ ಹಿಂದೆ ಯಾರೋ ಎದ್ದು ನಿಂತರು. ಅಪ್ಪ. ಬರುತ್ತೇನೆಂದು ನನಗೆ ಹೇಳಿರಲಿಲ್ಲ. ಅಂಗಡಿಯಿಂದ ನೇರ ಬಂದಿದ್ದರು, ಅಂಗಿಯ ತೋಳಿಗೆ ಹಗ್ಗದ ನಾರು ಹತ್ತಿತ್ತು.

"ಆಪಾ" ಎಂದರು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ಈ ಶಬ್ದ ನಾನು ಕೇಳಿದ್ದು ಅದೇ ಮೊದಲು. "ಉತ್ರ ತಂದೀನ್ರಿ." ಕೈ ಕಟ್ಟಿಕೊಂಡು, ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ ನೆಟ್ಟಗೆ ನಿಂತು, ಒಂದೊಂದೇ ಶಬ್ದ ಇಟ್ಟು ಹೇಳಿದರು: "ದಿ ಡಾಂಕಿ... ಕೇಮ್... ಟು ಮೈ ಹೌಸ್."

ಯಾರು ಕಲಿಸಿದರೋ ಇವತ್ತಿಗೂ ಹೇಳಿಲ್ಲ. ಯಾರೋ ಕಿಸಕ್ಕನೆ ನಕ್ಕರು, ಅಧ್ಯಕ್ಷರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಸನ್ಮಾನದ ದಿನ, ಶಾಲು ಹೊದ್ದು ಕೂತವರನ್ನು ಹಗ್ಗದ ಅಂಗಡಿಯವರು ಎಲ್ಲರೆದುರಿಗೆ ಕತ್ತೆ ಅಂದರೆಂದೇ ಅವರೆಲ್ಲ ತಿಳಿದರು. ಅಪ್ಪನಿಗೂ ಆಗಲೇ ಅದು ಹೊಳೆದು ಕಿವಿ ಕೆಂಪಾದವು. ಆದರೂ ಕೂರಲಿಲ್ಲ.

ಆಪಾ ನಗಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು.

"ಮತ್ತ?" ಎಂದರು.

ಅಪ್ಪನ ಇಂಗ್ಲಿಷ್ ಅಲ್ಲಿಗೆ ಮುಗಿದಿತ್ತು. "ಅಲ್ಲೇ ಉಳೀತ್ರಿ, ಆಪಾ" ಎಂದರು. "ಇನ್ನೂ ಅಲ್ಲೇ ಅದ ರೀ."

ಆಪಾ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು, ಕನ್ನಡಕ ಹಾಕಿಕೊಂಡು, ಸಾಲಿನಲ್ಲಿ ನಾನೆಲ್ಲಿದ್ದೇನೆಂದು ಹುಡುಕಿದರು. ಕಂಡ ಮೇಲೆ ಅಪ್ಪನ ಕಡೆ ತಿರುಗಿದರು.

"ಉತ್ರ ಬಂತು. ಮಾತು ಅಂದ್ರ ಮಾತು. ಇನ್ನ ನಿಮ್ಮ ಹುಡುಗಿನ್ನ ಕರಕೊಂಡು ಹೋಗ್ರಿ, ಸಾವ್ಕಾರ್ರ."

ಅಪ್ಪ ನನ್ನ ಕಡೆ ನೋಡಿದರು. ನಾನು ಏಳಲಿಲ್ಲ.